ಗಾಳಿಯ ಬಾಬ್ತು

ಶುಕ್ರವಾರ ಸಂಜೆಯ ಬಸ್ಸು, ತಲೆಗೆ ಒಂಬತ್ತು ಯೂರೋ.
ಲ್ಯುಬ್ಲಿಯಾನಾ ದಾಟುವ ಮೊದಲೇ ಯೆರ್ನೇಯ್
ಚೌಕಳಿ ಹಾಳೆಯ ಪುಸ್ತಕ ತೆಗೆದು
ನಾಲ್ಕು ಕಾಲಂ ಗೀಟು ಹಾಕಿದ:
ನೇಜಾ, ಗಾಶ್ಪೆರ್, ಅವನು, ನಾನು.
"ಖರ್ಚೆಲ್ಲ ಇದರಲ್ಲಿ. ಭಾನುವಾರ ರಾತ್ರಿ ಚುಕ್ತಾ."
ಬಲಗಾಲಿನ ಚೀಲದೊಳಗೆ ಮಡಿಸಿಟ್ಟ ಅರವತ್ತು ಯೂರೋ
ನನ್ನ ಹಿಮ್ಮಡಿಗೆ ಒತ್ತುತ್ತಿತ್ತು.
ತಿಂಗಳ ಕೊನೆಯವರೆಗೆ ಅದಷ್ಟೇ ಎಂದು
ಯಾರಿಗೂ ಹೇಳಿರಲಿಲ್ಲ.

ಟ್ರಿಯೆಸ್ತೆಯಲ್ಲಿ ಇಳಿದೊಡನೆ ಬೋರಾ.
ಅಲ್ಲಿ ಗಾಳಿಗೂ ಹೆಸರಿದೆ, ಮನೆಮಂದಿಗೆ ಇದ್ದ ಹಾಗೆ.
ಮೇಲಿನ ಸುಣ್ಣಕಲ್ಲಿನ ಬಯಲಿಂದ ಇಳಿದು
ಬಾಕಿ ವಸೂಲಿಗೆ ಬಂದವರಂತೆ
ಬಾಗಿಲು ಬಾಗಿಲು ಬಡಿಯುತ್ತದೆ.
ಹಾಸ್ಟೆಲಿನ ಮುದುಕ ಕೀಲಿ ಕೊಡುತ್ತ ಹೇಳಿದ,
"ಮೊದಲೆಲ್ಲ ಬೀದಿ ಮೂಲೆಗೆ ಹಗ್ಗ ಕಟ್ಟುತ್ತಿದ್ದರು,
ಹಿಡಿದು ನಡೆಯಲಿ ಅಂತ. ಈಗ ಹಗ್ಗವಿಲ್ಲ,
ಒಬ್ಬರನ್ನೊಬ್ಬರು ಹಿಡಿದುಕೊಳ್ಳಿ."
ಗಾಶ್ಪೆರ್ ನಕ್ಕ.
ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನ ಟೋಪಿಯೇ ಕಡಲು ಸೇರಿತು.

ಕಾಫಿ ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು.
ನಿಂತೇ ಕುಡಿದೆವು. ಸಣ್ಣ ಗಾಜಿನ ಲೋಟದಲ್ಲಿ,
ಎರಡೇ ಗುಟುಕು, ಮೂರನೆಯದಕ್ಕೆ ನೊರೆ.
ಆಮೇಲೆ ಯೆರ್ನೇಯ್ ಆರು ಯೂರೋ ತೆತ್ತು ಕೊಡೆ ಕೊಂಡ.
ಹತ್ತು ನಿಮಿಷಕ್ಕೆ ಅದು ಕಡ್ಡಿಗಳ ಜೇಡವಾಗಿ
ಅವನ ತೋಳಿಗೆ ತಗುಲಿಕೊಂಡಿತು.
ಅಲ್ಲೇ ದೀಪದ ಕಂಬಕ್ಕೆ ಒರಗಿ ಬರೆದ:
ಕೊಡೆ, ಆರು, ನಾಲ್ಕು ಪಾಲು.
"ನಾನು ಅದರ ಕೆಳಗೆ ಬಂದೇ ಇಲ್ಲ," ಎಂದೆ.

ಕಡಲಿಗೆ ಮುಖಮಾಡಿದ ಆ ದೊಡ್ಡ ಚೌಕದಲ್ಲಿ
ಒಂದೂವರೆ ಯೂರೋಗೆ ಜಗಳ.
ಗಾಳಿಯಲ್ಲಿ ಬೈದಾಡುವುದರಲ್ಲಿ ಒಂದು ಅನುಕೂಲ,
ಆಡಿದ್ದರಲ್ಲಿ ಅರ್ಧ ತಲುಪುವುದಿಲ್ಲ.
ತಲುಪಿದ ಅರ್ಧವೇ ಸಾಕಾಯಿತು.

ನೇಜಾ ಅಷ್ಟು ಹೊತ್ತೂ ಸುಮ್ಮನಿದ್ದಳು.
ಕೋಟಿನ ಒಳಜೇಬಿನಿಂದ ಒಂದು ಚೀಟಿ ತೆಗೆದು
ಎರಡೂ ಕೈಯಲ್ಲಿ ಬಿಗಿಹಿಡಿದು ತೋರಿಸಿದಳು:
ಒಂದು ಬೀದಿ, ಹದಿನಾಲ್ಕು, ಮೂರನೇ ಮಹಡಿ.
ಅವಳ ಮುತ್ತಜ್ಜಿ ಮರಿಯೂಚಾ ಬೆನ್ನಿಗೆ ಕ್ಯಾನು ಕಟ್ಟಿ
ನಸುಕಿನಲ್ಲಿ ಗುಡ್ಡ ಇಳಿದು, ಇದೇ ಗಾಳಿಯಲ್ಲಿ,
ವರ್ತನೆಗೆ ಹಾಲು ಹಾಕುತ್ತಿದ್ದ ಮನೆ.
ಯುದ್ಧ ಬಂತು. ಕೊನೆಯ ತಿಂಗಳ ದುಡ್ಡು ಬರಲಿಲ್ಲ.
ಮಕ್ಕಳ ಹೆಸರು ಮರೆತ ಮೇಲೂ
ಇಪ್ಪತ್ತೇಳು ಲೀಟರು ಎಂಬುದನ್ನು ಮುದುಕಿ ಮರೆಯಲಿಲ್ಲವಂತೆ.

"ಅದಕ್ಕೇ ಬಂದೆಯಾ?" ಗಾಶ್ಪೆರ್ ಕೇಳಿದ.
"ಗೊತ್ತಿಲ್ಲ. ಮನೆಯಲ್ಲಿ ಕಡಲು ನೋಡಲು ಅಂದಿದ್ದೆ."

ಮನೆ ಇತ್ತು. ಸಾಸಿವೆ ಬಣ್ಣ ಬಳಿದಿದ್ದರು.
ಮೂರನೆಯ ಗುಂಡಿಯ ಪಕ್ಕ ಬೇರೆಯೇ ಹೆಸರು.
ನೇಜಾ ಕೈಗವಸು ಕಚ್ಚಿ ತೆಗೆದು ಒತ್ತಿದಳು.
ತೂತುಗಳ ಹಿಂದಿನಿಂದ ಒಂದು ಹೆಣ್ಣುದನಿ, ವಯಸ್ಸಾದದ್ದು:
"ಯಾರು?"

ಮೂರು ತಲೆಮಾರು ಊಟದ ಮೇಜಿನಲ್ಲಿ
ಏನೇನು ಕೇಳಬೇಕೆಂದು ತಾಲೀಮು ಮಾಡಿದ್ದರೋ.
ನೇಜಾಳ ಬಾಯಿಂದ ಬಂದದ್ದು ಒಂದೇ ಮಾತು,
"ಹಾಲು."

ಏನೂ ಇಲ್ಲ. ಮತ್ತೆ ಏನೂ ಇಲ್ಲ.
ಆಮೇಲೆ ಬಾಗಿಲು ಗುಂಯ್‌ಗುಟ್ಟಿ ಸಡಿಲವಾಯಿತು.

ಒಳಗೆ ಗಾಳಿ ಇರಲಿಲ್ಲ.
ಎರಡು ದಿನದಲ್ಲಿ ಮೊದಲ ಬಾರಿಗೆ
ನಮ್ಮ ನಮ್ಮ ಉಸಿರು ನಮಗೆ ಕೇಳಿಸಿ ನಾಚಿಕೆಯಾಯಿತು.
ಕಲ್ಲಿನ ಮೆಟ್ಟಿಲು ನಡುವೆ ಸವೆದು ತಟ್ಟೆಯಷ್ಟು ಕುಳಿ.
ನೇಜಾ ಅದರಲ್ಲಿ ಬೂಟುಗಾಲಿಟ್ಟು ನಿಂತಳು,
ಅಳತೆ ಸರಿಯಾಗಿದೆಯೇ ಎಂದು ನೋಡುವವಳಂತೆ.
ಮೇಲೆ ಎಲ್ಲೋ ಚಿಲಕ ತೆಗೆದ ಸದ್ದು, ಚಪ್ಪಲಿಯ ಸದ್ದು.
ಯಾರು ಮೊದಲು ಓಡಿದರೋ ನೆನಪಿಲ್ಲ.
ಮೂಲೆ ತಿರುಗಿದ ಮೇಲೆ ನೋಡಿದರೆ
ನಾಲ್ವರೂ ಒಬ್ಬರ ತೋಳು ಒಬ್ಬರು ಹಿಡಿದಿದ್ದೆವು.

ಭಾನುವಾರದ ಬಸ್ಸಿನಲ್ಲಿ ಯೆರ್ನೇಯ್ ಪುಸ್ತಕ ಬಿಚ್ಚಿದ.
ಬ್ರೆಡ್ಡು, ಹಾಸಿಗೆ, ಕಾಫಿ, ಕೊಡೆ.
ಎಲ್ಲದರ ಕೆಳಗೆ, ಅವನದೇ ಗುಂಡಗಿನ ಅಕ್ಷರದಲ್ಲಿ:
ಹಾಲು, ಇಪ್ಪತ್ತೇಳು ಲೀಟರು, ಬರಬೇಕಾದ್ದು.
ನೇಜಾ ನೋಡಿ, ಕಿಟಕಿಯ ಕಡೆ ತಿರುಗಿದಳು.

ನನ್ನ ಒಂದೂವರೆ ಯೂರೋವನ್ನು ಅವನು ಹೊಡೆದುಹಾಕಿರಲಿಲ್ಲ.
ಬೂಟು ಕಳಚಿ, ಉಳಿದ ಐದರ ನೋಟು ತೆಗೆದು ಕೊಟ್ಟೆ.
ಬೆಚ್ಚಗಿತ್ತು, ಹಿಮ್ಮಡಿಯ ಆಕಾರಕ್ಕೆ ಬಾಗಿತ್ತು.
ಗಾಶ್ಪೆರ್ ಮೂಗು ಮುಚ್ಚಿಕೊಂಡ.
ಚಿಲ್ಲರೆ ಇಲ್ಲ ಎಂದ ಯೆರ್ನೇಯ್.